ಬಾಕ್ಸ್ ಇಳಿಸುವ ಮುನ್ನ: ಹಳೇ ಮಿಲಿಟರಿ ಜೀಪಿನ ಗೇರ್ ತಕರಾರು ಹುಡುಕುವ ಬಗೆ

ರಿಪೇರಿ ಮುಗಿಸಿ, ಮಿಲಿಟರಿ ಹಸಿರು ಬಣ್ಣ ಹೊಡೆಸಿ, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆಸಿಕೊಂಡು ಹೊರಬಿದ್ದ ಹಳೇ ಜೀಪು ಮೊದಲ ವಾರದಲ್ಲೇ ಕೊಡುವ ತ್ರಾಸು ಬಹುತೇಕ ಗೇರಿನದು. ಫಸ್ಟ್ ಹಾಕಲು ಹೋದರೆ ಕರ್ರ್ ಅನ್ನುತ್ತದೆ, ಸೆಕೆಂಡ್ ತಾನಾಗೇ ಹೊರಬೀಳುತ್ತದೆ, ಫೋರ್ ವೀಲ್ ಲಿವರ್ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಹುಬ್ಬಳ್ಳಿಯ ಯಾವ ಗ್ಯಾರೇಜಿಗೆ ಒಯ್ದರೂ ಮೊದಲ ಮಾತು ಬಹುತೇಕ ಒಂದೇ: "ಬಾಕ್ಸ್ ಇಳಸಬೇಕಾಕ್ಕೈತ್ರಿ ಸಾಹೇಬ್ರ." ಗೇರ್ ಬಾಕ್ಸ್ ಇಳಿಸಿ ನೋಡಿದರೆ ಹಲ್ಲು ಸವೆದದ್ದು ಕಂಡೇ ಕಾಣುತ್ತದೆ. ಅಷ್ಟು ಹಳೇ ಗೇರಿನ ಹಲ್ಲು ಸವೆಯದೆ ಇರುತ್ತದೆಯೇ? ತಪ್ಪನ್ನೆಲ್ಲ ಆ ಹಲ್ಲಿನ ಮೇಲೆ ಹೊರಿಸಿ ಹೊಸ ಗೇರು ಹಾಕುತ್ತಾರೆ. ದುಡ್ಡು ಹೋಗುತ್ತದೆ, ತಕರಾರು ಉಳಿಯುತ್ತದೆ.

ಗೇರು ಸವೆದೂ ಸುಮ್ಮನೆ ಓಡುವ ಜೀಪುಗಳು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಹೊಸದಾಗಿ ಕಟ್ಟಿದ ಗಾಡಿಯಲ್ಲಿ ದೋಷ ಹುಟ್ಟುವುದು ಹೆಚ್ಚಾಗಿ ಕಟ್ಟುವಾಗಲೇ: ಕೂಡುವ ಮುಖಗಳ ಮೇಲೆ ಬಿದ್ದ ಬಣ್ಣ, ಗುಜರಿಯಿಂದ ತಂದ ಬೇರೆ ಮಾದರಿಯ ಸಾಮಾನು, ಜೋಡಿಸದೆ ಬಿಟ್ಟ ಒಂದು ತಂತಿ, ತಪ್ಪು ಎಣ್ಣೆ. ಆದ್ದರಿಂದ ಪೆಡಲಿನಿಂದ ಶುರು ಮಾಡಿ ಬಾಕ್ಸಿನ ಕಡೆಗೆ ಹೋಗಬೇಕು. ಬಾಕ್ಸು ಕೊನೆಗೆ.

ಯಾವ ಜೀಪು, ಯಾವ ಬಾಕ್ಸು

ನಮ್ಮ ಕಡೆ ಸಿಗುವ ಮಿಲಿಟರಿ ಜೀಪುಗಳಲ್ಲಿ ಮುಖ್ಯವಾಗಿ ಎರಡು ಜಾತಿ. 1941ರಿಂದ 1945ರವರೆಗೆ ತಯಾರಾದ ಯುದ್ಧಕಾಲದ ವಿಲ್ಲಿಸ್ ಎಂಬಿ ಹಾಗೂ ಅದರದೇ ಅಚ್ಚಿನ ಫೋರ್ಡ್ ಜಿಪಿಡಬ್ಲ್ಯೂ ಒಂದು. ಮಹೀಂದ್ರ ಕಂಪನಿ ನಮ್ಮಲ್ಲೇ ಕಟ್ಟಿದ, ಎತ್ತರದ ಬಾನೆಟ್ಟಿನ ಸಿಜೆ-3ಬಿ ಇನ್ನೊಂದು. 1965ರ ಯುದ್ಧದಲ್ಲಿ ಜೀಪಿನ ಮೇಲಿನ ತೋಪಿನಿಂದ ಪಾಕಿಸ್ತಾನದ ಟ್ಯಾಂಕು ಹೊಡೆದ ಅಸಲ್ ಉತ್ತರದ ಅಬ್ದುಲ್ ಹಮೀದರ ಕತೆ ಕೇಳಿ ಬೆಳೆದವರು ಈ ಎರಡನೆಯದನ್ನು ಹುಡುಕಿ ಕೊಂಡು, ಹಿಂದೆ ತೋರಿಕೆಯ ಗನ್ ಸ್ಟ್ಯಾಂಡ್ ಕೂಡಿಸಿಕೊಳ್ಳುವುದೂ ಉಂಟು.

ಯುದ್ಧಕಾಲದ ಜೀಪಿನಲ್ಲಿ ಟಿ-84 ಬಾಕ್ಸ್, ಸಿಜೆ-3ಬಿಯಲ್ಲಿ ಟಿ-90. ಎರಡಕ್ಕೂ ಮೂರೇ ಗೇರು, ಎರಡರ ಬೆನ್ನಿಗೂ, ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಅದರ ಲೋ (ನಿಧಾನ, ಹೆಚ್ಚು ಎಳೆತದ ಗೇರು) ಅನುಪಾತ ಮಾತ್ರ ಹಳೆಯದರಲ್ಲಿ 1.97, ನಂತರದ್ದರಲ್ಲಿ 2.46. ಎಂಬಿಯ ಹೊಟ್ಟೆಯಲ್ಲಿ ಟಿ-90 ಸೇರಿಕೊಂಡಿರುವುದು ಅಪರೂಪವೇನಲ್ಲ. ಟಿ-90 ಗಟ್ಟಿ ಬಾಕ್ಸು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಿಡಿಭಾಗ ತರುವ ಮೊದಲು ಕೆಳಗೆ ತೂರಿ, ಜಿಡ್ಡು ಒರೆಸಿ, ಬಾಕ್ಸಿನ ಮೈಮೇಲೆ ಎರಕದಲ್ಲೇ ಮೂಡಿದ ಅಕ್ಷರ ಓದಿ. ಮಾಲೀಕರು ಬಾಯಲ್ಲಿ ಹೇಳುವ ವರ್ಷವನ್ನು ನಂಬಿ ಸಾಮಾನು ತರಬೇಡಿ.

ಇನ್ನೊಂದು ಸಂಗತಿ ಮೊದಲೇ ತಲೆಯಲ್ಲಿರಲಿ. ಈ ಎರಡೂ ಬಾಕ್ಸುಗಳಲ್ಲಿ ಸಿಂಕ್ರೊ, ಅಂದರೆ ಕೂಡುವ ಮೊದಲು ಎರಡರ ವೇಗ ಸಮ ಮಾಡುವ ರಿಂಗು, ಇರುವುದು ಸೆಕೆಂಡ್ ಮತ್ತು ಥರ್ಡಿಗೆ ಮಾತ್ರ. ಫಸ್ಟ್ ಮತ್ತು ರಿವರ್ಸಿನಲ್ಲಿ ಗೇರೇ ಸರಿದು ಹೋಗಿ ಇನ್ನೊಂದು ಗೇರಿನ ಹಲ್ಲಿಗೆ ಕೂಡಬೇಕು. ಗಾಡಿ ಉರುಳುತ್ತಿರುವಾಗ ಫಸ್ಟಿಗೆ ಎಳೆದರೆ ಅದು ಕಿರುಚಲೇಬೇಕು. ಈಗಿನ ಕಾರು ಓಡಿಸಿ ರೂಢಿಯಾದ ಹುಡುಗರು ಉಣಕಲ್ ಸಿಗ್ನಲ್ಲಿಗೆ ಬರುತ್ತಾ ಬರುತ್ತಲೇ ಫಸ್ಟಿಗೆ ಎಳೆದು, ಆಮೇಲೆ ಬಾಕ್ಸ್ ಹೋಗಿದೆ ಅಂತ ಬರುತ್ತಾರೆ. ಗಾಡಿ ಪೂರ್ತಿ ನಿಲ್ಲಿಸಿ ಹಾಕಿದಾಗಲೂ ಶಬ್ದ ಬರುತ್ತದೆಯೇ ಅನ್ನುವುದೇ ಮೊದಲ ಪ್ರಶ್ನೆ.

ಪಾನಾ ಮುಟ್ಟದೆ ಮಾಡುವ ಪರೀಕ್ಷೆ

ಸಪಾಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿಕೊಂಡು ಲಿವರನ್ನು ನಾಲ್ಕೂ ಕಡೆ ಹಾಕಿ ತೆಗೆಯಿರಿ. ಎಡಕ್ಕೆ ಮುಂದೆ ರಿವರ್ಸ್, ಎಡಕ್ಕೆ ಹಿಂದೆ ಫಸ್ಟ್. ಬಲಕ್ಕೆ ಮುಂದೆ ಸೆಕೆಂಡ್, ಬಲಕ್ಕೆ ಹಿಂದೆ ಥರ್ಡ್. ಫಸ್ಟ್, ರಿವರ್ಸಿಗೆ ಕೆಲವೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ತಡೆಯುತ್ತದೆ. ಗಾಡಿಯನ್ನು ಒಂದು ಗೇಣು ದೂಡಿದರೆ ಬೀಳುತ್ತದೆ, ಅದು ದೋಷವಲ್ಲ. ಹೀಗೆ ಎಂಜಿನ್ ಬಂದ್ ಇದ್ದಾಗ ಎಲ್ಲವೂ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ಕಿರಿಕಿರಿ ಮಾಡಿದರೆ ಬಾಕ್ಸನ್ನು ಸದ್ಯಕ್ಕೆ ಮರೆತುಬಿಡಿ, ಕ್ಲಚ್ಚಿಗೆ ಹೋಗಿ. ಎಂಜಿನ್ ಬಂದ್ ಇದ್ದಾಗಲೂ ಲಿವರ್ ಬಿಗಿಯಾಗಿದ್ದರೆ ಮಾತ್ರ ಲಿವರ್, ಗೇರು ಸರಿಸುವ ಫೋರ್ಕ್, ಎಣ್ಣೆಯ ಸುದ್ದಿ.

ಎರಡನೆಯದು, ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಬಿಟ್ಟು, ಕ್ಲಚ್ ಪೂರ್ತಿ ಒತ್ತಿ, ನಿಧಾನವಾಗಿ ಹತ್ತರವರೆಗೆ ಎಣಿಸಿ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ (ಬಾಕ್ಸನ್ನು ಎಂಜಿನ್ನಿನಿಂದ ಬೇರೆ ಮಾಡುತ್ತಿದೆ), ನಿಮ್ಮ ಕೈಯದೇ ಅವಸರ. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ಯಾವುದೋ ಒಂದು ತಿರುಗಿಸುತ್ತಲೇ ಇದೆ.

ಮೂರನೆಯದು ಇದಕ್ಕೇ ಇನ್ನೊಂದು ಸಾಕ್ಷಿ. ಕ್ಲಚ್ ಒತ್ತಿಕೊಂಡೇ ಮೊದಲು ಸೆಕೆಂಡಿಗೆ ಹಾಕಿ, ಕೂಡಲೇ ಅಲ್ಲಿಂದ ಫಸ್ಟಿಗೆ ಎಳೆಯಿರಿ. ಸೆಕೆಂಡಿನ ಸಿಂಕ್ರೊ ರಿಂಗು ಒಳಗೆ ತಿರುಗುವುದನ್ನೆಲ್ಲ ಹಿಡಿದು ನಿಲ್ಲಿಸುವುದರಿಂದ ಫಸ್ಟ್ ಸದ್ದಿಲ್ಲದೆ ಬೀಳುತ್ತದೆ. ಈಗ ನ್ಯೂಟ್ರಲ್ಲಿಗೆ ತಂದು, ಕಾಲು ಕ್ಲಚ್ಚಿನಿಂದ ತೆಗೆಯದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫಸ್ಟ್ ಹಾಕಿ. ನಿಂತಿದ್ದ ಶಾಫ್ಟ್ ಈ ನಡುವೆ ಮತ್ತೆ ತಿರುಗತೊಡಗಿದ್ದರೆ ಶಬ್ದ ವಾಪಸು ಬರುತ್ತದೆ. ಕ್ಲಚ್ ಒತ್ತಿದರೂ ಎಂಜಿನ್ ಶಾಫ್ಟನ್ನು ತಿರುಗಿಸುತ್ತಿದೆ ಅನ್ನಲು ಇದಕ್ಕಿಂತ ಪುರಾವೆ ಬೇಡ. ನುರಿತ ಚಾಲಕರು ಸೆಕೆಂಡ್ ಮುಟ್ಟಿಸಿಯೇ ಫಸ್ಟ್ ಹಾಕುವ ರೂಢಿಯೂ ಇದೇ ಕಾರಣಕ್ಕೆ. ದೋಷ ಇರಲಿ, ಇರದಿರಲಿ, ರೂಢಿ ಒಳ್ಳೆಯದೇ.

ಇಷ್ಟರ ನಡುವೆ ಐಡಲ್ ಎಷ್ಟಿದೆ ನೋಡಿ. ಯುದ್ಧಕಾಲದ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ನಿಮಿಷಕ್ಕೆ 600 ಸುತ್ತು ಸಾಕು. ಬೇರೆ ಕಾರ್ಬುರೇಟರ್ ಕೂಡಿಸಿದವರು ಎಂಜಿನ್ ಆರಬಾರದು ಅಂತ ಸಾವಿರ ದಾಟಿಸಿ ಇಟ್ಟಿರುತ್ತಾರೆ. ಕಾಲು ತಿರುವು ಸ್ಕ್ರೂ ಸಡಿಲಿಸಿದ್ದಕ್ಕೇ ಫಸ್ಟಿನ ಕಿರಿಕಿರಿ ಅರ್ಧ ಇಳಿದ ಗಾಡಿಗಳಿವೆ.

ಕ್ಲಚ್ ಬಿಡದಿದ್ದರೆ

"ಪ್ಲೇಟ್ ಹೊಸಾದ ಹಾಕೇವ್ರಿ, ಕ್ಲಚ್ಚಿನಾಗ ಏನೂ ಇಲ್ರಿ" ಅಂತ ಮಿಸ್ತ್ರಿ ಹೇಳುತ್ತಾರೆ. ಹೊಸ ಪ್ಲೇಟು ಇದ್ದರೇನಾಯಿತು, ಅದನ್ನು ಬಿಡಿಸುವ ಸಾಮಾನೆಲ್ಲ ಹಳೆಯದೇ.

ಪೆಡಲನ್ನು ಕೈಯಿಂದ ಒತ್ತಿ ನೋಡಿ. ಸುಮ್ಮನೆ ಹೋಗುವ ಆಟ ಮುಕ್ಕಾಲು ಇಂಚಿನಿಂದ ಒಂದು ಇಂಚು ಇರಬೇಕು. ಎರಡು ಇಂಚು ಹೋದ ಮೇಲೆ ಬಿಗಿ ಸಿಕ್ಕರೆ ಪೆಡಲ್ ನೆಲಕ್ಕೆ ತಾಗಿದರೂ ಪ್ಲೇಟು ಬಿಟ್ಟಿರುವುದಿಲ್ಲ. ಆಟ ಸ್ವಲ್ಪವೂ ಇಲ್ಲದಂತೆ ಬಿಗಿದರೆ ರಿಲೀಸ್ ಬೇರಿಂಗ್ ಸದಾ ತಿರುಗಿ ಸುಟ್ಟುಹೋಗುತ್ತದೆ. ಅಡ್ಜಸ್ಟ್ ಮಾಡಿಯೂ ಸಾಲದಿದ್ದರೆ ಒಬ್ಬರು ಪೆಡಲ್ ಒತ್ತುತ್ತಿರಲಿ, ನೀವು ಕೆಳಗೆ ಮಲಗಿ ನೋಡಿ. ಪೆಡಲಿನಿಂದ ಕ್ಲಚ್ ಫೋರ್ಕಿನವರೆಗಿನ ದಾರಿಯಲ್ಲಿ ಒಂದು ಅಡ್ಡ ಕೊಳವೆ ಇದೆ, ಅದರ ತುದಿಗಳು ಗುಂಡು ತಲೆಯ ಬೋಲ್ಟಿನ ಮೇಲೆ ಕೂತಿರುತ್ತವೆ. ಆ ಗುಂಡು ಸವೆದು ಚಪ್ಪಟೆಯಾಗಿದ್ದರೆ ನೀವು ಒತ್ತಿದ್ದರಲ್ಲಿ ಕಾಲುಭಾಗ ಕೊಳವೆ ಓರೆಯಾಗುವುದಕ್ಕೇ ಖರ್ಚಾಗುತ್ತದೆ. ಕೊಳವೆಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗಿನ ಗುಂಡನ್ನು ಯಾರೂ ಬಿಚ್ಚಿ ನೋಡಿರುವುದಿಲ್ಲ. ತೂತು ಅಂಡಾಕಾರವಾದ ಪಿನ್ನುಗಳೂ ಹೀಗೆಯೇ. ಒಂದೊಂದರಲ್ಲಿ ಒಂದೊಂದು ಮಿಲಿಮೀಟರ್ ಹೋದರೂ ಫೋರ್ಕಿಗೆ ತಲುಪುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ.

ಅಲ್ಲೇ ಮಲಗಿದ್ದಾಗ ಎಂಜಿನ್ನನ್ನೂ ನೋಡಿ. ಪೆಡಲ್ ಒತ್ತಿದಾಗ ಇಡೀ ಎಂಜಿನ್ ಮುಂದಕ್ಕೆ ಜಗ್ಗುತ್ತಿದೆಯೇ? ಎಂಜಿನ್ನಿನ ಹಿಂದಿನ ಪ್ಲೇಟಿನಿಂದ ಚಾಸಿಯ ಅಡ್ಡಪಟ್ಟಿಗೆ ಒಂದು ಸಣ್ಣ ಉಕ್ಕಿನ ಹಗ್ಗ ಇರಬೇಕು, ಎಂಜಿನ್ ಮುಂದೆ ಸರಿಯದಂತೆ ಹಿಡಿಯಲಿಕ್ಕೆ. ಬಿಚ್ಚಿದ ಜೀಪು ಮತ್ತೆ ಕಟ್ಟುವಾಗ ಮೊದಲು ಕಳೆದುಹೋಗುವ ಸಾಮಾನು ಇದು. ಎಲ್ಲಿಯದು ಅಂತ ತಿಳಿಯದೆ ಮೂಲೆಗೆ ಬಿದ್ದಿರುತ್ತದೆ. ಅದಿಲ್ಲದ ಜೀಪಿನಲ್ಲಿ ಕ್ಲಚ್ ಬಿಡುವಾಗ ಗಾಡಿ ಗಡಗಡ ನಡುಗುವುದು, ಒತ್ತಿದಾಗ ಪೂರ್ತಿ ಬಿಡದಿರುವುದು ಎರಡೂ ಬರುತ್ತವೆ. ತಂತಿ ಸಡಿಲವೂ ಇರಬಾರದು, ಎಂಜಿನ್ನನ್ನು ಹಿಂದಕ್ಕೆ ಎಳೆಯುವಷ್ಟು ಬಿಗಿಯೂ ಬೇಡ. ಜೋಲು ಹೋದರೆ ಸಾಕು.

ಹೊರಗಿನದೆಲ್ಲ ಸರಿ ಇದ್ದೂ ಕ್ಲಚ್ ಬಿಡದಿದ್ದರೆ ಒಳಗಿನ ಮೂರು ಸಾಧ್ಯತೆ ನೆನಪಿಡಿ. ಪ್ಲೇಟ್ ಉಲ್ಟಾ ಕೂತಿರಬಹುದು. ಅದರ ನಡುವಿನ ಉಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿದರೆ ಯಾವ ಅಡ್ಜಸ್ಟೂ ನಡೆಯದು. ಪ್ರೆಶರ್ ಪ್ಲೇಟಿನ ಮೂರು ಬೆರಳು ಒಂದೇ ಎತ್ತರದಲ್ಲಿಲ್ಲದಿದ್ದರೆ ಪ್ಲೇಟು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಿಡಿದಿರುತ್ತದೆ. ಮೂರನೆಯದು ಪೈಲಟ್ ಬುಶ್. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇಲ್ಲಿ ಕ್ಲಚ್ಚಿನದು ಏನೂ ತಪ್ಪಿಲ್ಲದೆ ಕ್ಲಚ್ ಮೇಲೆ ಗೂಬೆ ಕೂರುತ್ತದೆ.

ಕ್ರ್ಯಾಂಕ್ ಶಾಫ್ಟಿನ ಹಿಂತುದಿಯ ತೂತಿನಲ್ಲಿ ಒಂದು ಸಣ್ಣ ಬುಶ್ ಇದ್ದು, ಇನ್‌ಪುಟ್ ಶಾಫ್ಟಿನ ಮೂತಿ ಅದರೊಳಗೆ ತಿರುಗುತ್ತದೆ. ಕ್ಲಚ್ ಒತ್ತಿದಾಗ ಕ್ರ್ಯಾಂಕ್ ಓಡುತ್ತಿರಬೇಕು, ಶಾಫ್ಟ್ ನಿಲ್ಲಬೇಕು. ಬುಶ್ ಬಿಗಿಯಾಗಿ ಶಾಫ್ಟನ್ನು ಹಿಡಿದರೆ ಪ್ಲೇಟು ಪೂರ್ತಿ ಬಿಟ್ಟಿದ್ದರೂ ಶಾಫ್ಟ್ ತಿರುಗುತ್ತದೆ. ಕಂಪನಿಯ ಬುಶ್ ಎಣ್ಣೆ ಹೀರಿಕೊಂಡು ಇಟ್ಟುಕೊಳ್ಳುವ, ಸಣ್ಣ ರಂಧ್ರಗಳ ಕಂಚಿನದು. ಅದು ಸಿಗದಿದ್ದಾಗ ಗೋಕುಲ ರಸ್ತೆಯ ಲೇಥಿನಲ್ಲಿ ಗನ್ ಮೆಟಲ್ ತುಂಡಿನಿಂದ ತಿರುವಿ ಹಾಕಿಸುತ್ತೇವೆ. ಕೆಲಸ ಚೊಕ್ಕಟವಾಗಿಯೇ ಇರುತ್ತದೆ, ಆದರೆ ಆ ಲೋಹ ಎಣ್ಣೆ ಹೀರುವುದಿಲ್ಲ. ಒಣಗಿದ ಬುಶ್ ಬಡಿದು ಕೂರಿಸಿದಾಗ ತೂತೂ ತುಸು ಸಣ್ಣದಾಗುತ್ತದೆ. ಕೂರಿಸಿದ ಮೇಲೆ ಶಾಫ್ಟಿನ ಮೂತಿ ಕೈಯಿಂದ ಸಲೀಸಾಗಿ ತಿರುಗುವವರೆಗೆ ರೀಮರ್ ಆಡಿಸಬೇಕು, ಉಗುರಿನಷ್ಟು ಗ್ರೀಸ್ ಸವರಬೇಕು. ಹೆಚ್ಚು ಸವರಿದರೆ ಹಾರಿ ಪ್ಲೇಟಿಗೆ ಹತ್ತುತ್ತದೆ. ಬುಶ್ಶಿನ ದೋಷ ಹೊರಗಿನಿಂದ ಪತ್ತೆ ಮಾಡಲು ಒಂದು ಸುಳಿವಿದೆ: ಪ್ಲೇಟು ಹಿಡಿಯುವ ಗಾಡಿಯಲ್ಲಿ ಆಟ ಕಡಿಮೆ ಮಾಡಿದಾಗ ಶಬ್ದ ಸ್ವಲ್ಪವಾದರೂ ಇಳಿಯುತ್ತದೆ, ಬುಶ್ ಹಿಡಿದ ಗಾಡಿಯಲ್ಲಿ ಎಷ್ಟು ಅಡ್ಜಸ್ಟ್ ಮಾಡಿದರೂ ಅಷ್ಟಕ್ಕಷ್ಟೇ.

ಮಳೆಗಾಲ ಮುಗಿದ ಮೇಲೆ ಬರುವ ದೂರು ಬೇರೆಯೇ. ಧಾರವಾಡದ ಮಳೆಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಶೆಡ್ಡಿನಲ್ಲೇ ನಿಂತ ಜೀಪಿನ ಪ್ಲೇಟು ಜಂಗು ಹಿಡಿದು ಫ್ಲೈವೀಲಿಗೆ ಅಂಟಿಕೊಂಡುಬಿಡುತ್ತದೆ. ಯಾವ ಗೇರೂ ಬೀಳುವುದಿಲ್ಲ. ಗದಗ, ನರಗುಂದದ ಒಣ ಹವೆಯಲ್ಲಿ ನಿಂತ ಗಾಡಿಗೆ ಈ ಕಾಟ ಕಡಿಮೆ. ಬಿಚ್ಚುವ ಮೊದಲು ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಬಂದ್ ಮಾಡಿ. ಎದುರಿಗೆ ಯಾರೂ ಇಲ್ಲದ ಬಯಲಿನಲ್ಲಿ ಸೆಕೆಂಡ್ ಗೇರಿನಲ್ಲಿಟ್ಟು, ಕ್ಲಚ್ ಪೂರ್ತಿ ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಗಾಡಿ ಎದ್ದು ಓಡತೊಡಗುತ್ತದೆ. ಕಾಲು ಕ್ಲಚ್ಚಿನಿಂದ ತೆಗೆಯದೆ ಎಕ್ಸಲರೇಟರ್ ಕೊಟ್ಟು ಬಿಟ್ಟು ಮಾಡುತ್ತಿದ್ದರೆ ಟಪ್ ಅಂತ ಬಿಡುತ್ತದೆ. ಬ್ರೇಕ್ ಗಟ್ಟಿಯಿದ್ದರೆ ಮಾತ್ರ ಈ ಕೆಲಸ. ಮುಂದಿನ ಮಳೆಗಾಲಕ್ಕೆ ಸೀಟಿಗೂ ಪೆಡಲಿಗೂ ನಡುವೆ ಒಂದು ಕಟ್ಟಿಗೆ ಕೊಟ್ಟು ಕ್ಲಚ್ ಒತ್ತಿದ ಸ್ಥಿತಿಯಲ್ಲೇ ನಿಲ್ಲಿಸಿ.

ಎಣ್ಣೆ

90 ನಂಬರ್ ಆಯಿಲ್ ಕೊಡಿ ಅಂತ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕ ಡಬ್ಬಿ ಕೊಡುತ್ತಾರೆ, ಅದು ಬಹುತೇಕ ಜಿಎಲ್-5 ದರ್ಜೆಯ ಗೇರ್ ಎಣ್ಣೆ. ಆಕ್ಸಲ್ ಹೌಸಿಂಗಿನ ಕ್ರೌನ್ ಪಿನಿಯನ್ನಿಗೆ ಅದು ಬೇಕು. ಅದೇ ಡಬ್ಬಿಯಿಂದ ಬಾಕ್ಸಿಗೂ ಸುರಿಯುತ್ತಾರೆ, ತಪ್ಪಾಗುವುದು ಅಲ್ಲಿ. ಜಿಎಲ್-5ರಲ್ಲಿರುವ ಗಂಧಕದ ರಾಸಾಯನಿಕಗಳು ಬಿಸಿಯಲ್ಲಿ ಹಿತ್ತಾಳೆ, ಕಂಚನ್ನು ತಿನ್ನಬಲ್ಲವು. ಸಿಂಕ್ರೊ ರಿಂಗು ಹಿತ್ತಾಳೆಯದು. ಜೊತೆಗೆ ಆ ಎಣ್ಣೆ ಎಷ್ಟು ಜಾರುತ್ತದೆಂದರೆ ರಿಂಗು ಗೇರನ್ನು ಹಿಡಿದು ನಿಲ್ಲಿಸಲಾಗದೆ ಜಾರಿಬಿಡುತ್ತದೆ. ಬಾಕ್ಸಿಗೆ ಜಿಎಲ್-4ರ 90, ಅಥವಾ ಸಾದಾ ಮಿನರಲ್ 90. ಗೇರ್ ಕೂಗುತ್ತದೆ ಅಂತ 140 ಹಾಕುವ ಚಾಳಿಯೂ ಇದೆ. ಕೂಗು ತಗ್ಗುವುದೇನೋ ನಿಜ, ಡಿಸೆಂಬರಿನ ಮುಂಜಾನೆ ಧಾರವಾಡದಲ್ಲಿ ಸೆಕೆಂಡಿಗೆ ಹಾಕಿ ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ತಣ್ಣಗಿದ್ದಾಗ ಬಿಗಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಸಲೀಸು ಅಂದರೆ ಮೊದಲು ಎಣ್ಣೆ ಬದಲಿಸಿ.

ಹಳೇ ಎಣ್ಣೆಯನ್ನು ಬಿಸಿಯಿದ್ದಾಗಲೇ ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದು ಅಲುಗಾಡಿಸಿ. ಬಂಗಾರದ ಪುಡಿಯಂಥ ಹೊಳಪು ಕಂಡರೆ ಸಿಂಕ್ರೊ ರಿಂಗು ಅಥವಾ ಕಂಚಿನ ವಾಷರ್ ಸವೆಯುತ್ತಿದೆ. ಬೂದು ಬಣ್ಣದ ಮೆತ್ತನೆ ಕೆಸರು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಬಂದರೆ ಮಾತ್ರ ಬಾಕ್ಸ್ ಇಳಿಸುವ ಮಾತು. ಬಾಕ್ಸಿಗೂ ಟ್ರಾನ್ಸ್‌ಫರಿಗೂ ಬೇರೆ ಬೇರೆ ಪ್ಲಗ್ ಇವೆ, ಎಣ್ಣೆ ಮಾತ್ರ ನಡುವಿನ ಬೇರಿಂಗಿನ ಹಾದಿಯಿಂದ ಒಂದರಿಂದ ಇನ್ನೊಂದಕ್ಕೆ ಹರಿಯುವುದುಂಟು. ಒಂದರಲ್ಲಿ ಮಟ್ಟ ಸರಿಯಿದೆ ಅಂತ ಇನ್ನೊಂದನ್ನು ನೋಡದೆ ಬಿಡಬೇಡಿ.

ಥರ್ಡಿನಿಂದ ಸೆಕೆಂಡಿಗೆ ಇಳಿಸುವಾಗ ಮಾತ್ರ ಕಿರುಚಿ, ಉಳಿದದ್ದೆಲ್ಲ ಸರಿಯಿದ್ದರೆ, ಎಣ್ಣೆ ಬದಲಿಸಿಯೂ ಹೋಗದಿದ್ದರೆ ಸೆಕೆಂಡಿನ ರಿಂಗು ಮುಗಿದಿದೆ. ಹಾಗೆಂದು ಗಾಡಿ ನಿಲ್ಲಿಸಬೇಕಾಗಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ಸ್ವಲ್ಪ ಎಕ್ಸಲರೇಟರ್ ಕೊಟ್ಟು, ಮತ್ತೆ ಒತ್ತಿ ಸೆಕೆಂಡಿಗೆ ಹಾಕುವುದನ್ನು ಕಲಿತರೆ ವರ್ಷಗಟ್ಟಲೆ ಓಡಿಸಬಹುದು.

ಗೇರ್ ತಾನಾಗೇ ಹೊರಬಿದ್ದರೆ

ಟಿ-84ಕ್ಕೆ ಸೆಕೆಂಡ್ ಹಾರುವ ಕೆಟ್ಟ ಹೆಸರು ಹಳೆಯದು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿಂದ ಇಳಿದು ಬರುತ್ತಾ, ಸೆಕೆಂಡಿನಲ್ಲಿ ಎಕ್ಸಲರೇಟರ್ ಬಿಟ್ಟಾಗ ಲಿವರ್ ಟಪಕ್ಕನೆ ನ್ಯೂಟ್ರಲ್ಲಿಗೆ ಬರುವುದು ಸಾಮಾನ್ಯ ಚಿತ್ರ. ನೃಪತುಂಗ ಬೆಟ್ಟ ಏರುವಾಗ, ಅಂದರೆ ಎಳೆಯುವಾಗ ಹಾರಿದರೆ ಅದು ಇನ್ನೊಂದು ಚಿತ್ರ. ಎರಡನ್ನೂ ಓಡಿಸಿ ನೋಡಿ ಬರೆದಿಟ್ಟುಕೊಳ್ಳಿ. ಸೆಕೆಂಡಿನ ಹಲ್ಲು ಓರೆಯಾಗಿರುವುದರಿಂದ ಎಳೆಯುವಾಗ ಗೇರನ್ನು ಒಂದು ದಿಕ್ಕಿಗೆ, ಇಳಿಯುವಾಗ ಇನ್ನೊಂದು ದಿಕ್ಕಿಗೆ ದೂಡುತ್ತದೆ. ಇಳಿಯುವಾಗ ಮಾತ್ರ ಹಾರಿದರೆ ಶಾಫ್ಟೋ ಗೇರೋ ಹಿಂದೆ ಮುಂದೆ ಸರಿದಾಡುತ್ತಿರುವ ಸಂಶಯ ಹೆಚ್ಚು. ಎರಡೂ ಕಡೆ ಹಾರಿದರೆ ಗೇರು ಪೂರ್ತಿ ಕೂಡಿಯೇ ಇಲ್ಲ.

ಪೂರ್ತಿ ಕೂಡದಿರುವುದಕ್ಕೆ ಹೊಸದಾಗಿ ಕಟ್ಟಿದ ಜೀಪಿನಲ್ಲಿ ಸಿಗುವ ಕಾರಣ ಎಷ್ಟೋ ಸಲ ತಗಡು. ಹೊಸದಾಗಿ ಬಡಿದ ಫ್ಲೋರ್ ಪ್ಲೇಟಿನ ತೂತು ಅರ್ಧ ಇಂಚು ಸರಿದಿದ್ದರೆ, ಇಲ್ಲವೇ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದರೆ, ಲಿವರ್ ಅದಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಗೇರ್ ಬಿದ್ದಂತೆ ಅನ್ನಿಸುತ್ತದೆ, ಒಳಗೆ ಹಲ್ಲಿನ ಅರ್ಧ ಮಾತ್ರ ಹಿಡಿದಿರುತ್ತದೆ. ಪ್ಲೇಟು, ಮ್ಯಾಟು, ಬೂಟು ಎಲ್ಲ ಬಿಚ್ಚಿಟ್ಟು ಒಂದು ಸುತ್ತು ಓಡಿಸಿ ಬನ್ನಿ. ಹಾರುವುದು ನಿಂತಿದ್ದರೆ ಖರ್ಚು ಒಂದು ಗರಗಸದ ಬ್ಲೇಡಿನದು.

ನಂತರ ಟ್ರಾನ್ಸ್‌ಫರಿನ ಹಿಂಬದಿಗೆ ಹೋಗಿ. ಬಾಕ್ಸಿನ ಮೇನ್ ಶಾಫ್ಟಿನ ನೇರಕ್ಕೆ ಒಂದು ಗುಂಡನೆಯ ಮುಚ್ಚಳವಿದೆ, ಪಿಟಿಒ (ಎಂಜಿನ್ ಶಕ್ತಿಯಿಂದ ಬೇರೆ ಯಂತ್ರ ಓಡಿಸುವ ಜೋಡಣೆ) ಕೂಡಿಸುವ ಜಾಗ. ಆ ಮುಚ್ಚಳ ಬಿಚ್ಚಿದರೆ ಶಾಫ್ಟಿನ ತುದಿಯ ನಟ್ಟು, ಅದರ ಸೀಳು ಪಿನ್ನು ಎದುರಿಗೇ ಕಾಣುತ್ತವೆ. ಈ ನಟ್ಟು ಸಡಿಲಾದರೆ ಇಡೀ ಮೇನ್ ಶಾಫ್ಟ್ ಹಿಂದೆ ಮುಂದೆ ಆಡುತ್ತದೆ, ಸೆಕೆಂಡ್ ಹಾರುತ್ತದೆ. ಬಾಕ್ಸ್ ಇಳಿಸದೆ ನೋಡಬಹುದಾದ, ಬಿಗಿಯಬಹುದಾದ ಜಾಗ ಇದು. ನೋಡುವವರು ಮಾತ್ರ ಕಡಿಮೆ. ಪಿನ್ನಿಲ್ಲದೆ ಬರೀ ನಟ್ಟು ಕಂಡರೆ ಕಟ್ಟಿದವರ ಉಳಿದ ಕೆಲಸವನ್ನೂ ಸಂಶಯದಿಂದಲೇ ನೋಡಿ.

ಅದೂ ಸರಿಯಿದ್ದರೆ ಬಾಕ್ಸಿನ ಮೇಲ್ಮುಚ್ಚಳ ಬಿಚ್ಚಿ. ಲಿವರಿನ ಜೊತೆ ಎರಡು ರೈಲು, ಎರಡು ಫೋರ್ಕು ಮೇಲೆ ಬರುತ್ತವೆ. ರೈಲನ್ನು ಕೈಯಿಂದ ಸರಿಸಿದಾಗ ಪ್ರತಿ ಗೇರಿನ ಜಾಗದಲ್ಲಿ ಟಕ್ ಅಂತ ಕೂರಬೇಕು. ಕೂರುವುದು ಗುಂಡು, ಸ್ಪ್ರಿಂಗಿನಿಂದ. ಸ್ಪ್ರಿಂಗು ಸುಸ್ತಾಗಿದ್ದರೆ, ರೈಲಿನ ಗುಳಿ ಸವೆದಿದ್ದರೆ ಆ ಟಕ್ ಇರುವುದಿಲ್ಲ. ಫೋರ್ಕಿನ ಸ್ಕ್ರೂ ಬಿಗಿಯಾಗಿದೆಯೇ, ಅದಕ್ಕೆ ತಂತಿ ಕಟ್ಟಿದ್ದಾರೆಯೇ, ಫೋರ್ಕಿನ ತುದಿ ತೆಳುವಾಗಿದೆಯೇ ಎಲ್ಲ ಇಲ್ಲೇ ಕಾಣುತ್ತದೆ. ಎರಡು ರೈಲುಗಳ ನಡುವೆ ಒಂದು ಸಣ್ಣ ಉಕ್ಕಿನ ತುಂಡು ಇರಬೇಕು: ಒಂದು ರೈಲು ಸರಿದಾಗ ಇನ್ನೊಂದನ್ನು ಬಂಧಿಸಿಡುವುದು ಅದರ ಕೆಲಸ. ಮುಚ್ಚಳ ತಲೆಕೆಳಗೆ ಮಾಡಿ ಸೀಮೆ ಎಣ್ಣೆಯಲ್ಲಿ ತೊಳೆಯುವಾಗ ಅದು ಬಿದ್ದುಹೋಗಿ, ಹಾಗೇ ಜೋಡಿಸಿದ ಬಾಕ್ಸು ಒಂದು ದಿನ ಎರಡು ಗೇರಿಗೆ ಒಟ್ಟಿಗೆ ಸಿಕ್ಕಿ ದಾರಿಯಲ್ಲೇ ಕಲ್ಲಾಗುತ್ತದೆ. ಲಿವರಿನ ಕೆಳತುದಿ ಸವೆದು ಎರಡು ಫೋರ್ಕುಗಳ ನಡುವೆ ಜಾರಿದರೂ ಇದೇ ಗತಿ. ಅಂಥ ಹೊತ್ತಿನಲ್ಲಿ ಮುಚ್ಚಳ ಎತ್ತಿ, ಒಳಗಿನ ಗೇರು, ಸಿಂಕ್ರೊದ ತೋಳುಗಳನ್ನು (ಸ್ಲೀವ್) ಸ್ಕ್ರೂಡ್ರೈವರಿನಿಂದ ನ್ಯೂಟ್ರಲ್ಲಿಗೆ ತಂದು ಮನೆ ಸೇರಬಹುದು. ತುದಿಗೆ ವೆಲ್ಡಿಂಗ್ ತುಂಬಿ, ಅರದಿಂದ ಉಜ್ಜಿ ಸರಿಮಾಡುವುದು ನಮ್ಮ ಮಿಸ್ತ್ರಿಗಳಿಗೆ ನೀರು ಕುಡಿದಷ್ಟು ಸಲೀಸು.

ಇನ್ನು ಬಣ್ಣ. ಬೆಲ್ ಹೌಸಿಂಗು ಎಂಜಿನ್ನಿಗೆ, ಬಾಕ್ಸು ಬೆಲ್ ಹೌಸಿಂಗಿಗೆ ಕೂಡುವ ಮುಖಗಳು ಬರಿ ಲೋಹವಾಗಿರಬೇಕು. ರೆಸ್ಟೋರ್ ಮಾಡುವ ಉತ್ಸಾಹದಲ್ಲಿ ಆ ಮುಖಗಳಿಗೂ ಪ್ರೈಮರ್, ಮೇಲೆ ಎರಡು ಕೈ ಬಣ್ಣ ಹೊಡೆದಿರುತ್ತಾರೆ. ಒಂದು ಮೂಲೆಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಬಾಕ್ಸ್ ಕ್ರ್ಯಾಂಕಿನ ನೇರಕ್ಕೆ ಕೂರದೆ ಕೂದಲೆಳೆಯಷ್ಟು ಓರೆಯಾಗುತ್ತದೆ, ಪ್ರತಿ ಸುತ್ತಿಗೂ ಸಿಂಕ್ರೊದ ತೋಳನ್ನು ಹೊರಕ್ಕೆ ನಡೆಸುತ್ತದೆ. ಅದರ ಜೊತೆಗೆ ಪೈಲಟ್ ಬುಶ್ಶನ್ನೂ ಒಂದೇ ಕಡೆ ಸವೆಸುತ್ತದೆ. ಕೂಡುಗೆರೆಯಲ್ಲಿ ಹಸಿರು ಬಣ್ಣ ಹಿಂಡಿಕೊಂಡು ಹೊರಬಂದದ್ದು ಕಂಡರೆ ನನ್ನ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಟ್ರಾನ್ಸ್‌ಫರಿನ ಕೆಳಗಿನ ರಬ್ಬರ್ ಎಣ್ಣೆ ಕುಡಿದು ಮೆತ್ತಗಾಗಿದ್ದರೂ ಇಡೀ ಗಂಟು ಜೋತು ಹೀಗೇ ಮಾಡುತ್ತದೆ.

ಟ್ರಾನ್ಸ್‌ಫರ್ ಲಿವರುಗಳು

ಫೋರ್ ವೀಲ್ ಹಾಕಿ ಡಾಂಬರಿನ ಮೇಲೆ ಓಡಿಸಿದರೆ ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದಾರಿ ನಡೆಯುತ್ತದೆ, ಹಿಂದಿನದು ಕಡಿಮೆ. ನಡುವೆ ಡಿಫರೆನ್ಶಿಯಲ್ ಇಲ್ಲದ ಕಾರಣ ಆ ವ್ಯತ್ಯಾಸ ಶಾಫ್ಟುಗಳಲ್ಲಿ ಹಗ್ಗ ಹುರಿಗೊಂಡಂತೆ ಬಿಗಿಯುತ್ತದೆ, ಲಿವರ್ ಸಿಕ್ಕಿಕೊಳ್ಳುತ್ತದೆ. ಸುತ್ತಿಗೆ ಬೇಡ. ನಾಲ್ಕು ಮಾರು ರಿವರ್ಸ್ ತೆಗೆದುಕೊಂಡು, ಚಲನೆಯಲ್ಲೇ ಕ್ಲಚ್ ಒತ್ತಿ ಎಳೆದರೆ ಬರುತ್ತದೆ. ನವಲಗುಂದದ ಎರಿ ಹೊಲದ ಕೆಸರಿನಲ್ಲಿ ಈ ಬಿಗಿತ ತಿಳಿಯುವುದೇ ಇಲ್ಲ, ಗಾಲಿ ಜಾರಿ ಸಡಿಲಾಗುತ್ತಿರುತ್ತದೆ. ಲೋ ಬೀಳಬೇಕಾದರೆ ಮುಂದಿನ ಗಾಲಿ ಕೂಡಿರಲೇಬೇಕು, ಅದು ಅದರ ಒಳಗಿನ ಕಟ್ಟಳೆ. ಲೋ ಬೀಳಲ್ಲ ಅನ್ನುವವರಲ್ಲಿ ಅರ್ಧ ಜನ ಆ ಲಿವರನ್ನು ಮೊದಲು ಹಾಕಿರುವುದಿಲ್ಲ.

ನೇರ ರಸ್ತೆಯಲ್ಲಿ, ಸ್ವಲ್ಪ ದೂರದಲ್ಲೇ ಹೀಗೆ ಸಿಕ್ಕಿಕೊಂಡರೆ ನಾಲ್ಕೂ ಟೈರ್ ಒಂದೇ ಅಳತೆಯವೇ ನೋಡಿ. ಅವೂ ಸರಿಯಿದ್ದರೆ ಗುಜರಿಯಿಂದ ಬಂದ ಹೌಸಿಂಗ್ ಮೇಲೆ ಸಂಶಯಪಡಿ. ಎಂಬಿಯ ಹೌಸಿಂಗ್ ಅನುಪಾತ 4.88, ಸಿಜೆ-3ಬಿಯದು 5.38. ಹಿಂದೆ ಒಂದು, ಮುಂದೆ ಇನ್ನೊಂದು ಕೂತರೆ ಟೂ ವೀಲಿನಲ್ಲಿ ಏನೂ ತಿಳಿಯದು, ಫೋರ್ ವೀಲ್ ಹಾಕಿದ ಕ್ಷಣದಿಂದ ಎರಡೂ ಜಗಳಕ್ಕೆ ಬೀಳುತ್ತವೆ. ಅಳೆಯುವುದು ಸುಲಭ. ಉಳಿದ ಮೂರು ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಗಾಲಿ ಎತ್ತಿ, ಟ್ರಾನ್ಸ್‌ಫರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಡಿ. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟು ಐದು ಸುತ್ತಿಗೆ ತುಸು ಕಡಿಮೆ ತಿರುಗಿದರೆ 4.88. ಐದು ದಾಟಿ ಮತ್ತೆ ಮೂರನೇ ಒಂದು ಸುತ್ತಿಗಿಂತ ಹೆಚ್ಚು ಹೋದರೆ 5.38. ಮುಂದಿನದನ್ನೂ ಹೀಗೇ ನೋಡಿ.

ಈ ಜೀಪುಗಳ ಹ್ಯಾಂಡ್ ಬ್ರೇಕ್ ಗಾಲಿಯ ಮೇಲಿಲ್ಲ, ಟ್ರಾನ್ಸ್‌ಫರಿನ ಹಿಂದಿನ ಶಾಫ್ಟಿನ ಮೇಲಿದೆ. ಹಿಂದಿನ ಒಂದು ಗಾಲಿ ಎತ್ತಿದರೆ, ಇಲ್ಲವೇ ಪ್ರೊಪೆಲ್ಲರ್ ಬಿಚ್ಚಿದರೆ, ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ. ಕಲ್ಲು ಕೊಡದೆ ಕೆಳಗೆ ತೂರಬೇಡಿ.

ಇಳಿಸಲೇಬೇಕಾದಾಗ

ತಟ್ಟೆಯಲ್ಲಿ ಲೋಹದ ಚೂರು, ನ್ಯೂಟ್ರಲ್ಲಿನಲ್ಲೂ ಕ್ಲಚ್ ಬಿಟ್ಟಾಗ ಗರಗರ, ಹೊರಗಿನದೆಲ್ಲ ನೋಡಿ ಮುಗಿದರೂ ನಿಲ್ಲದ ಸೆಕೆಂಡಿನ ಹಾರಾಟ: ಈ ಮೂರಕ್ಕೆ ಬಾಕ್ಸ್ ಇಳಿಸದೆ ಗತಿಯಿಲ್ಲ. ಒಳಗೆ ತಳದಲ್ಲಿರುವ ಕೌಂಟರ್ ಗೇರಿನ ಎರಡೂ ತುದಿಯ ವಾಷರುಗಳನ್ನು ಮೊದಲು ನೋಡಿ, ಹಾರಾಟದ ಬೇರು ಹೆಚ್ಚಾಗಿ ಅಲ್ಲಿರುತ್ತದೆ. ಗೇರು ಹೊಸದು ಹಾಕಿ ವಾಷರ್ ಹಳೆಯದೇ ಬಿಟ್ಟರೆ ಖರ್ಚು ದಂಡ. ಪಿಟಿಒ ಮುಚ್ಚಳದೊಳಗಿನ ಆ ನಟ್ಟನ್ನು ಬಾಕ್ಸು ಗಾಡಿಯಲ್ಲಿರುವಾಗಲೇ, ಗೇರಿನಲ್ಲಿಟ್ಟು ಬ್ರೇಕ್ ಒತ್ತಿಸಿಕೊಂಡು ಸಡಿಲಿಸಿ. ನೆಲಕ್ಕಿಳಿದ ಬಾಕ್ಸಿನಲ್ಲಿ ಪಾನಾ ಹಾಕಿದರೆ ನಟ್ಟಿನ ಜೊತೆ ಬಾಕ್ಸೂ ಸುತ್ತುತ್ತದೆ.